ನೀನಾ ಸಿಮೋನ್ ಅವರನ್ನು ಜಾಝ್ ಗಾಯಕಿ ಅನ್ನಬೇಕಾ, ಬ್ಲೂಸ್ ಗಾಯಕಿ ಅನ್ನಬೇಕಾ?

ಕಡಲತೀರ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದ ಕರಿಯರ ಸಂಗೀತವಾದ ಜಾಝ್, ಬ್ಲೂಸ್ ಕೇಳುವವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ನಾನು ಒಂಬತ್ತು ವರ್ಷ ಕರ್ನಾಟಕ ಸಂಗೀತ ಕಲಿತವಳು. ಕಳೆದ ಆರು ತಿಂಗಳಿಂದ ಅಮೆರಿಕದ ಗಾಯಕಿ ನೀನಾ ಸಿಮೋನ್ ಅವರ ಹಾಡು ಬಿಟ್ಟರೆ ಬೇರೆ ಏನನ್ನೂ ಕೇಳಲು ಮನಸ್ಸಾಗುತ್ತಿಲ್ಲ. ಮೊದಲ ಸಲ ಕೇಳಿದಾಗ ಗಂಡಸರ ದನಿ ಅಂದುಕೊಂಡೆ, ಅಷ್ಟು ಮಂದ್ರದಲ್ಲಿತ್ತು.

ನನ್ನ ಗೊಂದಲ ಇಷ್ಟು. ಒಂದು ಕಡೆ ಅವರನ್ನು ಜಾಝ್ ಅಂತ ಹಾಕಿರುತ್ತಾರೆ, ಇನ್ನೊಂದು ಕಡೆ ಬ್ಲೂಸ್, ಮತ್ತೊಂದು ಕಡೆ ಸೋಲ್, ಕೆಲವು ಕಡೆ ಜನಪದ. ಒಂದು ಹಾಡು ಫ್ರೆಂಚ್‌ನಲ್ಲಿದೆ. ಇನ್ನೊಂದು ಚರ್ಚಿನ ಭಜನೆಯ ಥರ ಹತ್ತು ನಿಮಿಷ ಓಡುತ್ತದೆ. ಮತ್ತೊಂದರ ನಡುವೆ ಪಿಯಾನೊ ಇದ್ದಕ್ಕಿದ್ದ ಹಾಗೆ ಮುನ್ನೂರು ವರ್ಷ ಹಿಂದಕ್ಕೆ ಹೋಗಿ ಬರುತ್ತದೆ. ಒಬ್ಬರೇ ಇಷ್ಟೆಲ್ಲ ಹೇಗೆ ಮಾಡಿದರು? ಮೊದಲಿಂದಲೇ ಹೀಗೆ ಹಾಡಬೇಕು ಅಂತ ಹೊರಟವರಾ? ಒಂದು ಪದ್ಧತಿಯನ್ನು ಹಿಡಿದು ಕೂರದವರು ಯಾವುದರಲ್ಲೂ ನಿಲ್ಲುವುದಿಲ್ಲ ಅಂತ ನನಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಇವರು ನಿಂತಿದ್ದಾರಲ್ಲ, ಹೇಗೆ?

ಅವರ ದಾರಿಯನ್ನು ಶುರುವಿನಿಂದ ಯಾರಾದರೂ ಸ್ವಲ್ಪ ಬಿಡಿಸಿ ಹೇಳುತ್ತೀರಾ? ಯಾವ ರೆಕಾರ್ಡಿಂದ ಕೇಳಲು ಶುರು ಮಾಡಬೇಕು ಅನ್ನೋದನ್ನೂ ಹೇಳಿ. ಸಿಕ್ಕಸಿಕ್ಕಲ್ಲಿ ಕೇಳುತ್ತಿದ್ದೇನೆ, ಹಿಂದೆ ಮುಂದೆ ಗೊತ್ತಾಗುತ್ತಿಲ್ಲ.

ಹಳೇ ರೆಕಾರ್ಡು:

ಕಡಲತೀರ ಅವರೇ, ಒಳ್ಳೆ ಪ್ರಶ್ನೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಅವರು ಹೊರಟದ್ದು ಜಾಝ್ ಕಡೆಗೂ ಅಲ್ಲ, ಬ್ಲೂಸ್ ಕಡೆಗೂ ಅಲ್ಲ. ಬಾಖ್ ಕಡೆಗೆ, ಅಂದರೆ ಮುನ್ನೂರು ವರ್ಷ ಹಿಂದಿನ ಜರ್ಮನ್ ಸಂಗೀತಕಾರರ ಶಾಸ್ತ್ರೀಯ ಸಂಗೀತದ ಕಡೆಗೆ. ಹುಟ್ಟು ಹೆಸರು ಯೂನಿಸ್ ಕ್ಯಾಥ್ಲೀನ್ ವೇಮನ್. 1933ರ ಫೆಬ್ರವರಿ 21ರಂದು ನಾರ್ತ್ ಕ್ಯಾರೊಲಿನಾದ ಟ್ರೈಯನ್ ಅನ್ನುವ ಚಿಕ್ಕ ಊರಿನಲ್ಲಿ ಹುಟ್ಟಿದರು. ತಾಯಿ ಚರ್ಚಿನಲ್ಲಿ ಬೋಧನೆ ಮಾಡುತ್ತಿದ್ದರು, ಜೊತೆಗೆ ಬಿಳಿಯರ ಮನೆಯಲ್ಲಿ ಕೆಲಸಕ್ಕೂ ಹೋಗುತ್ತಿದ್ದರು. ಮಗು ಮೂರು ನಾಲ್ಕು ವರ್ಷಕ್ಕೇ ಯಾರೂ ಹೇಳಿಕೊಡದೆ ಕಿವಿಯಿಂದಲೇ ಪಿಯಾನೊ ಹಿಡಿದಿತ್ತು. ಚರ್ಚಿನ ಸಭೆಗಳಲ್ಲಿ ಗಂಟೆಗಟ್ಟಲೆ ನುಡಿಸುತ್ತಿತ್ತು. ನೀವು ಹೇಳಿದ ಆ ಹತ್ತು ನಿಮಿಷದ ಹಾಡು, ಸಿನ್ನರ್‌ಮ್ಯಾನ್, ಆ ಸಭೆಗಳಿಂದಲೇ ಬಂದದ್ದು. ಜನಕ್ಕೆ ಮೈದುಂಬುವ ತನಕ ತಾಳ ಬಿಡದೆ ನುಡಿಸುವ ಅಭ್ಯಾಸ ಅದು.

ತಾಯಿ ಕೆಲಸಕ್ಕೆ ಹೋಗುತ್ತಿದ್ದ ಮನೆಯಾಕೆ ಹುಡುಗಿಯ ಕೈ ನೋಡಿ ಪಾಠಕ್ಕೆ ದುಡ್ಡು ಕೊಟ್ಟರು. ಪಾಠ ಹೇಳಿದವರು ಮ್ಯೂರಿಯಲ್ ಮ್ಯಾಜನೋವಿಚ್ ಅನ್ನುವ ಇಂಗ್ಲಿಷ್ ಮಹಿಳೆ. ಅಲ್ಲಿ ಬಾಖ್ ಹತ್ತಿಕೊಂಡಿತು. ಮುಂದೆ ಊರವರು ಸೇರಿ ಯೂನಿಸ್ ವೇಮನ್ ನಿಧಿ ಅಂತಲೇ ಒಂದು ಹಣ ಕೂಡಿಸಿದರು. ಬಿಳಿಯರೂ ಕರಿಯರೂ ಇಬ್ಬರೂ ಕೊಟ್ಟ ದುಡ್ಡು ಅದು.

ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಒಂದು ಕಚೇರಿ. ಅಪ್ಪ ಅಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಬಿಳಿಯರಿಗೆ ಜಾಗ ಮಾಡಲು ಅವರನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿದರು. ಹುಡುಗಿ ಪಿಯಾನೊ ಮುಂದಿನಿಂದ ಎದ್ದು ನಿಂತು, ನನ್ನ ಅಪ್ಪ ಅಮ್ಮ ನನಗೆ ಕಾಣುವ ಕಡೆ ಕೂರದಿದ್ದರೆ ನುಡಿಸುವುದಿಲ್ಲ ಅಂದಿತು. ಮತ್ತೆ ಮುಂದಕ್ಕೆ ಕರೆದು ಕೂರಿಸಬೇಕಾಯಿತು. ಇದನ್ನು ಮರೆಯಬೇಡಿ, ಮುಂದಿನ ನಲವತ್ತು ವರ್ಷ ವೇದಿಕೆ ಮೇಲೆ ಇದೇ ಹುಡುಗಿಯನ್ನು ನೋಡುತ್ತೀರಿ.

1950ರಲ್ಲಿ ಶಾಲೆಯಲ್ಲಿ ಮೊದಲನೆಯವರಾಗಿ ಪಾಸಾಗಿ, ಬೇಸಿಗೆಗೆ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಗೆ ಹೋದರು. ಗುರಿ ಇದ್ದದ್ದು ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಶಾಲೆ. ಮಗಳಿಗೆ ಅಲ್ಲಿ ಸೀಟು ಸಿಕ್ಕೇ ಸಿಗುತ್ತದೆ ಅಂತ ಮನೆಯವರೆಲ್ಲ ಊರು ಬಿಟ್ಟು ಫಿಲಡೆಲ್ಫಿಯಾಕ್ಕೆ ಬಂದಿದ್ದರು. 1951ರಲ್ಲಿ ಆಡಿಷನ್ ಆಯಿತು. ಸೀಟು ಸಿಗಲಿಲ್ಲ. ತಾನು ಕರಿಯಳು ಅನ್ನೋದೇ ಕಾರಣ ಅಂತ ಅವರು ಸಾಯುವ ತನಕ ನಂಬಿದ್ದರು. ಶಾಲೆಯ ಕಡೆಯವರು ಅದನ್ನು ಒಪ್ಪಲಿಲ್ಲ. ಏನೇ ಇರಲಿ, ಆ ಬಾಗಿಲು ಮುಚ್ಚಿದ್ದಕ್ಕೇ ನೀವು ಈಗ ಕೇಳುತ್ತಿರುವ ನೀನಾ ಸಿಮೋನ್ ಹುಟ್ಟಿದ್ದು. ಇಲ್ಲದಿದ್ದರೆ ಯೂನಿಸ್ ವೇಮನ್ ಅನ್ನುವ ಪಿಯಾನೊ ವಾದಕಿ ಇರುತ್ತಿದ್ದರು, ಬಾಯಿ ತೆಗೆದು ಒಂದು ಸಾಲೂ ಹಾಡುತ್ತಿರಲಿಲ್ಲ.

ಆಮೇಲೆ ಹೊಟ್ಟೆಪಾಡು. ಹಾಡು ಕಲಿಯುವ ಹುಡುಗ ಹುಡುಗಿಯರಿಗೆ ಪಿಯಾನೊ ನುಡಿಸುವ ಕೆಲಸ ಹಿಡಿದರು. ಆಗಿನ ಜನಪ್ರಿಯ ಹಾಡುಗಳೆಲ್ಲ ಕೈಗೆ ಬಂದದ್ದು ಅಲ್ಲಿ. ಅವರ ಒಬ್ಬ ವಿದ್ಯಾರ್ಥಿ ಅಟ್ಲಾಂಟಿಕ್ ಸಿಟಿಯ ಬಾರ್‌ಗಳಲ್ಲಿ ನುಡಿಸಿದರೆ ಒಳ್ಳೆ ಸಂಬಳ ಸಿಗುತ್ತದೆ ಅಂತ ಹೇಳಿದ್ದಾಯಿತು. 1954ರ ಬೇಸಿಗೆಯಲ್ಲಿ ಮಿಡ್‌ಟೌನ್ ಬಾರ್ ಅಂಡ್ ಗ್ರಿಲ್‌ನಲ್ಲಿ ವಾರಕ್ಕೆ 90 ಡಾಲರ್‌ಗೆ ಸೇರಿದರು. ತಾಯಿಗೆ ಗೊತ್ತಾದರೆ ಕಷ್ಟ, ಚರ್ಚಿನವರು ಅದನ್ನು ಸೈತಾನನ ಸಂಗೀತ ಅನ್ನುವವರು. ಅದಕ್ಕೇ ಹೆಸರು ಬದಲಾಯಿಸಿದ್ದು. ಸಿಮೋನ್ ಅನ್ನೋದು ಫ್ರೆಂಚ್ ನಟಿ ಸಿಮೋನ್ ಸಿನ್ಯೋರೆ ಅವರಿಂದ ತೆಗೆದುಕೊಂಡದ್ದು.

ಮೊದಲ ರಾತ್ರಿ ಬರೀ ಪಿಯಾನೊ ನುಡಿಸಿದರು. ಮಾಲೀಕ ಬಂದು, ಹಾಡು ಎಲ್ಲಿ ಅಂತ ಕೇಳಿದ. ನಾನು ಹಾಡುವವಳಲ್ಲ ಅಂದರು. ನಾಳೆಯಿಂದ ಹಾಡು, ಇಲ್ಲವಾದರೆ ಕೆಲಸ ಇಲ್ಲ ಅಂದುಬಿಟ್ಟ. ಹಾಡುಗಾರಿಕೆ ಶುರುವಾದದ್ದು ಹಾಗೆ. ಬಾರಿನಲ್ಲಿ ಉದ್ದ ಗೌನ್ ಹಾಕಿಕೊಂಡು, ಪಕ್ಕದಲ್ಲಿ ಒಂದು ಲೋಟ ಹಾಲಿಟ್ಟುಕೊಂಡು, ಗಲಾಟೆ ಮಾಡಿದರೆ ನುಡಿಸುವುದನ್ನು ನಿಲ್ಲಿಸಿ ಕಾಯುತ್ತಿದ್ದರು. ಆ ದುಡ್ಡಿನಲ್ಲಿ ಏನು ಮಾಡಿದರು ಗೊತ್ತಾ? ಮತ್ತೆ ಬಾಖ್ ಪಾಠಕ್ಕೆ ಕಟ್ಟಿದರು.

ಆದ್ದರಿಂದ ಮೊದಲಿಂದಲೇ ಹೀಗೆ ಮಾಡಬೇಕು ಅಂತ ಹೊರಟವರಾ ಅನ್ನುವುದಕ್ಕೆ ನನ್ನ ಉತ್ತರ, ಇಲ್ಲ. ಅವರು ಗಡಿ ದಾಟಲಿಲ್ಲ, ಬದುಕು ಅವರನ್ನು ದಾಟಿಸಿತು.

ಎರಡು ಕೈ:

ನಾನು ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತೇನೆ, ಹಾಗಾಗಿ ಆ ಮುನ್ನೂರು ವರ್ಷ ಹಿಂದಕ್ಕೆ ಹೋಗಿ ಬರುವ ಜಾಗದ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಅವರ ಮೊದಲ ಆಲ್ಬಂನಲ್ಲಿರುವ ಲವ್ ಮಿ ಆರ್ ಲೀವ್ ಮಿ ಅನ್ನುವ ಹಾಡು ಅಂತ ನನಗನ್ನಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹಾಡು ಶುರುವಾಗುವಾಗ ಮಾಮೂಲಿ ಜಾಝ್ ಥರವೇ ಇದೆ, ಬಾಸ್ ನಡೆಯುತ್ತಿದೆ, ಡ್ರಮ್ ಮೇಲೆ ಹಗುರವಾಗಿ ಬ್ರಷ್. ದನಿ ನಿಲ್ಲುತ್ತದೆ, ಪಿಯಾನೊ ಸರದಿ ಬರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಬಲಗೈಯಲ್ಲಿ ರಾಗ ಎಳೆದು ಎಡಗೈಯಲ್ಲಿ ಸ್ವರಗುಚ್ಛ ಒತ್ತುತ್ತಿದ್ದರು. ಇವರು ಹಾಗೆ ಮಾಡುವುದಿಲ್ಲ. ಒಂದು ಕೈ ಒಂದೇ ಎಳೆಯಲ್ಲಿ ಒಂದು ಮಾತು ಹೇಳುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈ ಅದಕ್ಕೆ ಎದುರುಮಾತು ಶುರು ಮಾಡುತ್ತದೆ. ಎರಡೂ ಸಮಸಮ, ಯಾವುದೂ ಯಾವುದಕ್ಕೂ ಪಕ್ಕವಾದ್ಯ ಅಲ್ಲ. ಬಾಖ್ ಬರೆದ ಎರಡು ದನಿಯ ಪಾಠಗಳನ್ನು ನನ್ನ ವಿದ್ಯಾರ್ಥಿಗಳು ಎರಡು ಮೂರು ವರ್ಷ ತಿಕ್ಕುತ್ತಾರೆ, ಅದೇ ಅದು. ಆದರೆ ಕೆಳಗೆ ಬಾಸ್, ಡ್ರಮ್ ತಮ್ಮ ಪಾಡಿಗೆ ಜಾಝ್ ನಡೆಯಲ್ಲೇ ಹೋಗುತ್ತಿರುತ್ತವೆ. ಆ ನಡೆ ಒಂದು ಕೂದಲೆಳೆಯಷ್ಟೂ ಜಾರುವುದಿಲ್ಲ.

ಒಂದು ಚೂರು ಇದು, ಒಂದು ಚೂರು ಅದು ಅಂತ ಅಂಟಿಸಿದ ಹಾಗೆ ಕೇಳುವುದಿಲ್ಲ, ಅದು ಮುಖ್ಯ. ನಿಮಗೆ ಕರ್ನಾಟಕ ಸಂಗೀತದ ತಳಪಾಯ ಇದೆ ಅಂದಿರಿ. ಕಲ್ಪನಾಸ್ವರ ಹಾಕುವಾಗ ವರ್ಷಗಟ್ಟಲೆ ಹಾಡಿದ ಸರಳೆ ಜಂಟಿ ಒಳಗಿನಿಂದ ತಾನಾಗಿ ಬರುತ್ತದಲ್ಲ, ಹಾಗೆ. ಅವರಿಗೆ ಒಳಗಿನಿಂದ ಬರುತ್ತಿದ್ದದ್ದು ಬಾಖ್.

ಇನ್ನೊಂದು. ಗಿಟಾರ್ ನುಡಿಸುತ್ತಿದ್ದ ಆಲ್ ಶಾಕ್‌ಮನ್ ಅವರನ್ನು ಗಮನಿಸಿ. 1957ರ ಹೊತ್ತಿಗೆ ಸಿಕ್ಕವರು, ದಶಕಗಳ ಕಾಲ ಜೊತೆಗಿದ್ದರು. ಇವರು ಹೇಳದೆ ಕೇಳದೆ ಶ್ರುತಿ ಬದಲಾಯಿಸಿದರೂ ಅವರು ಹಿಂದೆಯೇ ಬರುತ್ತಿದ್ದರು. ವೇದಿಕೆ ಮೇಲೆ ಅಷ್ಟು ಧೈರ್ಯವಾಗಿ ಎಲ್ಲೆಂದರಲ್ಲಿ ಹೋಗಬೇಕಾದರೆ ಅಂಥ ಒಬ್ಬರು ಪಕ್ಕದಲ್ಲಿರಬೇಕು.

ಲೆಕ್ಕ ಪುಸ್ತಕ:

ಸಂಗೀತದ ಬಗ್ಗೆ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ದುಡ್ಡಿನ ಕಥೆ ಬಿಟ್ಟರೆ ಈ ದಾರಿ ಅರ್ಧ ಮಾತ್ರ ಅರ್ಥವಾಗುತ್ತದೆ.

ಮೊದಲ ಆಲ್ಬಂ ರೆಕಾರ್ಡ್ ಆದದ್ದು 1957ರ ಕೊನೆಯಲ್ಲಿ, ಬೆತ್ಲೆಹೆಮ್ ಅನ್ನುವ ಸಣ್ಣ ಕಂಪನಿಗೆ. ವಕೀಲರಿಗೆ ತೋರಿಸದೆ ಕಾಗದಕ್ಕೆ ಸಹಿ ಹಾಕಿ, ಸುಮಾರು 3,000 ಡಾಲರ್‌ಗೆ ಆ ಹಾಡುಗಳ ಹಕ್ಕನ್ನೆಲ್ಲ ಬಿಟ್ಟುಕೊಟ್ಟರು. ಆ ಒಂದು ಸಹಿಯಿಂದ ಕಳೆದುಕೊಂಡದ್ದು ಹತ್ತು ಲಕ್ಷ ಡಾಲರ್‌ಗಿಂತ ಜಾಸ್ತಿ ಅಂತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಆಲ್ಬಂನಲ್ಲೇ ಐ ಲವ್ಸ್ ಯೂ ಪೋರ್ಗಿ ಇದ್ದದ್ದು. ಅದು ಅಮೆರಿಕದ ಸಂಗೀತಕಾರ ಗರ್ಶ್ವಿನ್ ಅವರ ಆಪೆರಾದ, ಅಂದರೆ ಸಂಗೀತ ನಾಟಕದ, ಹಾಡು, ಇವರು ಕಲಿತದ್ದು ಹೆಸರಾಂತ ಜಾಝ್ ಗಾಯಕಿ ಬಿಲಿ ಹಾಲಿಡೇ ಅವರ ರೆಕಾರ್ಡ್ ಕೇಳಿ. 1959ರಲ್ಲಿ ಅದು ಅಮೆರಿಕದ ಮೊದಲ ಇಪ್ಪತ್ತು ಹಾಡುಗಳ ಪಟ್ಟಿಗೆ ಬಂತು. ಬಿಲಿ ಹಾಲಿಡೇ ಅವರ ಹಾಡು ಹಾಡಿ ಗೆದ್ದರು ನೋಡಿ, ಅಲ್ಲಿಂದ ಜಾಝ್ ಗಾಯಕಿ ಅನ್ನುವ ಚೀಟಿ ಅಂಟಿತು. ಆಮೇಲೆ ಕಿತ್ತರೂ ಬರಲಿಲ್ಲ.

ಅವರಿಗೇ ಆ ಹೆಸರು ಹಿಡಿಸುತ್ತಿರಲಿಲ್ಲ. ಕರಿಯರು ಪಿಯಾನೊ ಮುಂದೆ ಕೂತರೆ ಜಾಝ್ ಅಂತಲೇ ಕರೆಯುತ್ತಾರೆ, ನನ್ನ ಕಲಿಕೆಯನ್ನು ನೋಡುವುದಿಲ್ಲ ಅನ್ನುವುದು ಅವರ ಸಿಟ್ಟು. ಹೆಸರು ಕೊಡಲೇಬೇಕು ಅಂದರೆ ಜನಪದ ಗಾಯಕಿ ಅನ್ನಿ, ನನ್ನಲ್ಲಿ ಜಾಝ್‌ಗಿಂತ ಜನಪದವೂ ಬ್ಲೂಸೂ ಜಾಸ್ತಿ ಇದೆ ಅಂತ ಬರೆದಿದ್ದಾರೆ. ಬೇರೆ ಕಡೆ, ನಾನು ಮಾಡುವುದು ಕರಿಯರ ಶಾಸ್ತ್ರೀಯ ಸಂಗೀತ ಅಂತಲೂ ಹೇಳಿದ್ದಾರೆ. ಅಲ್ಲಿಗೆ ನಿಮ್ಮ ಶೀರ್ಷಿಕೆಯ ಪ್ರಶ್ನೆಗೆ ಅವರದೇ ಉತ್ತರ ಸಿಕ್ಕಿತು.

ಕಂಪನಿಗಳ ಲೆಕ್ಕ ಹಿಡಿದು ನೋಡಿದರೂ ದಾರಿ ಕಾಣುತ್ತದೆ. ಬೆತ್ಲೆಹೆಮ್ ಆದ ಮೇಲೆ ಕೋಲ್‌ಪಿಕ್ಸ್, ಅಲ್ಲಿ ಏನು ಹಾಡಬೇಕು ಅನ್ನುವುದು ಅವರ ಕೈಯಲ್ಲೇ ಇತ್ತು, 1959ರ ಟೌನ್ ಹಾಲ್ ಕಚೇರಿ ಆ ಕಾಲದ್ದು. 1964ರಿಂದ ಫಿಲಿಪ್ಸ್, 1967ರಿಂದ ಆರ್‌ಸಿಎ. ಗಂಡ ಆಂಡಿ ಸ್ಟ್ರೌಡ್ ಮೊದಲು ಪೊಲೀಸ್ ಕೆಲಸದಲ್ಲಿದ್ದವರು, ಆಮೇಲೆ ಇವರ ಮ್ಯಾನೇಜರ್ ಆದರು. ವ್ಯವಹಾರ ಗಟ್ಟಿಯಾಗಿ ನಡೆಸಿದರು, ಹೊಡೆತವನ್ನೂ ಕೊಟ್ಟರು. ಇದನ್ನೂ ಆಕೆಯೇ ಬರೆದುಕೊಂಡಿದ್ದಾರೆ. ಬಿಡುವಿಲ್ಲದೆ ಊರೂರು ಸುತ್ತಿ ಸುಸ್ತಾಗಿ ಬಿದ್ದದ್ದನ್ನೂ ಬರೆದುಕೊಂಡಿದ್ದಾರೆ. ಆ ಹೆಂಗಸು ಎಷ್ಟು ದುಡಿದರು, ಕೈಗೆ ಎಷ್ಟು ಬಂತು ಅಂತ ಯೋಚಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಹೊಟ್ಟೆ ಉರಿಯುವ ಸಂಗತಿ. ಅದೇ ಮೊದಲ ಆಲ್ಬಂನ ಇನ್ನೊಂದು ಹಾಡು, ಮೈ ಬೇಬಿ ಜಸ್ಟ್ ಕೇರ್ಸ್ ಫಾರ್ ಮಿ. ರೆಕಾರ್ಡ್ ಮಾಡಿ ಹತ್ತಿರ ಹತ್ತಿರ ಮೂವತ್ತು ವರ್ಷ ಆದ ಮೇಲೆ, 1987ರಲ್ಲಿ, ಶನೆಲ್ ನಂಬರ್ 5 ಅನ್ನುವ ಸೆಂಟಿನ ಜಾಹೀರಾತಿಗೆ ಬಳಸಿದರು. ಬ್ರಿಟನ್ನಿನ ಪಟ್ಟಿಯಲ್ಲಿ ಹಾಡು 5ನೇ ಸ್ಥಾನಕ್ಕೆ ಹೋಯಿತು. ಜೇಡಿಮಣ್ಣಿನ ಬೆಕ್ಕು ಹಾಡುವ ವಿಡಿಯೊ ನೋಡಿರುತ್ತೀರಿ, ಆಗ ಮಾಡಿದ್ದು. ಹಕ್ಕು ಎಂದೋ ಹೋಗಿತ್ತಲ್ಲ, ದೊಡ್ಡ ಲಾಭ ಬೇರೆಯವರಿಗೆ. ಇವರಿಗೆ ಆದ ಉಪಕಾರ ಅಂದರೆ ಹೊಸ ಕೇಳುಗರು, ಹೊಸ ಕಚೇರಿಗಳು.

ಯಾರಾದರೂ ಹೊಸದಾಗಿ ಹಾಡುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಕಾಗದವನ್ನು ವಕೀಲರಿಗೆ ತೋರಿಸಿ ಸಹಿ ಹಾಕಿ.

ಕಡಲತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅಪ್ಪ ಅಮ್ಮನನ್ನು ಹಿಂದಕ್ಕೆ ಕಳಿಸಿದ ಜಾಗ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಇನ್ನೊಂದು ಕೇಳಬೇಕು. ಕರಿಯರ ಹಕ್ಕುಗಳ ಹೋರಾಟದ ಹಾಡು ಹಾಡಲು ಹೋಗಿ ಕೆಲಸ ಹಾಳು ಮಾಡಿಕೊಂಡರು ಅಂತ ಕೆಲವರು ಹೇಳುತ್ತಾರೆ. ನಿಜಾನಾ?

ಮಳೆ ನಿಂತ ಮೇಲೆ:

ಬೆಲೆ ತೆತ್ತರು ಅನ್ನಿ, ಒಪ್ಪುತ್ತೇನೆ. ಹಾಳು ಮಾಡಿಕೊಂಡರು ಅನ್ನುವುದನ್ನು ಒಪ್ಪುವುದಿಲ್ಲ.

1963ರ ಏಪ್ರಿಲ್ 12ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವರ ಕಚೇರಿ. ಚಿಕ್ಕ ಹುಡುಗಿ ಆಗಿದ್ದಾಗಿನಿಂದ ಬಾಖ್ ನುಡಿಸಬೇಕು ಅಂತ ಕನಸು ಕಂಡಿದ್ದ ಜಾಗ. ಕಾರ್ನೆಗಿ ಹಾಲ್‌ಗೇನೋ ಬಂದೆ, ಆದರೆ ಬಾಖ್ ನುಡಿಸುತ್ತಿಲ್ಲ ಅಂತ ಅಪ್ಪ ಅಮ್ಮನಿಗೆ ಬರೆದಿದ್ದರು. ಅದೇ ದಿನ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಬಂಧಿಸಿದರು. ನಾಟಕಕಾರ್ತಿ ಲೊರೇನ್ ಹ್ಯಾನ್ಸ್‌ಬೆರಿ ಇವರ ಆಪ್ತ ಗೆಳತಿ. ಅವರು ಫೋನ್ ಮಾಡಿದ್ದು ಕಚೇರಿ ಹೇಗಾಯಿತು ಅಂತ ಕೇಳಲು ಅಲ್ಲ, ಕಿಂಗ್ ಜೈಲಿನಲ್ಲಿದ್ದಾರೆ, ನೀನು ಏನು ಮಾಡುತ್ತಿದ್ದೀಯ ಅಂತ ಕೇಳಲು.

ಅದೇ ವರ್ಷ ಜೂನ್‌ನಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್‌ನಲ್ಲಿ ಹೋರಾಟಗಾರ ಮೆಡ್ಗರ್ ಎವರ್ಸ್ ಅವರನ್ನು ಮನೆ ಮುಂದೆಯೇ ಗುಂಡಿಟ್ಟು ಕೊಂದರು. ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮ್‌ನ ಚರ್ಚಿಗೆ ಬಾಂಬ್ ಇಟ್ಟರು, ಭಾನುವಾರದ ಪಾಠಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ಸತ್ತರು. ಮೂವರಿಗೆ 14, ಒಬ್ಬಳಿಗೆ 11. ಸುದ್ದಿ ಕೇಳಿದ ನೀನಾ ಮನೆಯಲ್ಲಿದ್ದ ಸಾಮಾನು ಗುಡ್ಡೆ ಹಾಕಿ ಒಂದು ಬಂದೂಕು ಮಾಡಲು ಕೂತರು. ಗಂಡ ಬಂದು ನೋಡಿ, ಕೊಲ್ಲುವುದು ನಿನಗೆ ಗೊತ್ತಿಲ್ಲ, ನಿನಗೆ ಗೊತ್ತಿರುವುದು ಸಂಗೀತ ಅಂದರು. ಒಂದು ಗಂಟೆಯೊಳಗೆ ಮಿಸಿಸಿಪ್ಪಿ ಗಾಡ್‌ಡ್ಯಾಮ್ ಬರೆದು ಮುಗಿಸಿದರು.

ಆ ಹಾಡಿನ ನಡೆ ಗಮನಿಸಿ. ಕೋಪದ ಹಾಡು ಅಂದರೆ ಭಾರವಾಗಿ ನಿಧಾನವಾಗಿ ಇರುತ್ತದೆ ಅಂದುಕೊಳ್ಳುತ್ತೀರಿ. ಇದು ನಾಟಕದ ಕುಣಿತದ ಹಾಡಿನ ಥರ ಜಿಗಿಯುತ್ತಾ ಹೋಗುತ್ತದೆ. 1964ರ ಕಾರ್ನೆಗಿ ಹಾಲ್ ರೆಕಾರ್ಡಿನಲ್ಲಿ ಜನ ಮೊದಲು ನಗುತ್ತಾರೆ. ಹೋಗ್ತಾ ಹೋಗ್ತಾ ನಗು ನಿಲ್ಲುತ್ತದೆ, ಅದು ನಿಲ್ಲುವುದು ಕಿವಿಗೆ ಕೇಳಿಸುತ್ತದೆ. ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಅಮೆರಿಕದ ದಕ್ಷಿಣದ ಹಲವು ಕಡೆ ರೇಡಿಯೊದವರು ಹಾಕಲಿಲ್ಲ. ಕಂಪನಿ ಕಳಿಸಿದ ಒಂದು ಪೆಟ್ಟಿಗೆ ರೆಕಾರ್ಡುಗಳನ್ನು ಒಂದೊಂದನ್ನೂ ಎರಡು ತುಂಡು ಮಾಡಿ ವಾಪಸ್ ಕಳಿಸಿದ್ದರು.

1965ರ ಮಾರ್ಚಿನಲ್ಲಿ ಕರಿಯರ ಮತದ ಹಕ್ಕಿಗಾಗಿ ಅಲಬಾಮಾದ ಸೆಲ್ಮಾದಿಂದ ಮಾಂಟ್ಗೊಮರಿಗೆ ನಡೆದ ಪಾದಯಾತ್ರೆಯ ಕೊನೆಯ ರಾತ್ರಿ ಅವರೂ ಹಾಡಿದರು. ವೇದಿಕೆ ಕಟ್ಟಲು ಮರ ಸಿಗದೆ ಶವಪೆಟ್ಟಿಗೆಗಳನ್ನು ಜೋಡಿಸಿ ಅದರ ಮೇಲೆ ನಿಂತಿದ್ದರು. 1968ರ ಏಪ್ರಿಲ್ 4ರಂದು ಕಿಂಗ್ ಹತ್ಯೆಯಾಯಿತು. ಮೂರು ದಿನ ಬಿಟ್ಟು, 7ರಂದು, ನ್ಯೂಯಾರ್ಕ್ ಪಕ್ಕದ ವೆಸ್ಟ್‌ಬರಿಯಲ್ಲಿ ಮೊದಲೇ ಗೊತ್ತಾಗಿದ್ದ ಕಚೇರಿ. ಅವರ ಬಾಸ್ ವಾದಕ ಜೀನ್ ಟೇಲರ್ ಕಿಂಗ್ ಬಗ್ಗೆ ಒಂದು ಹಾಡು ಬರೆದಿದ್ದರು. ಬಾಯಿಗೆ ಸರಿಯಾಗಿ ಬರುವ ಮೊದಲೇ ಹಾಡಿದರು, ನಡುನಡುವೆ ಹಾಡು ಬಿಟ್ಟು ಮಾತಾಡಿದರು.

ಇಲ್ಲಿ ಹಳೇ ರೆಕಾರ್ಡು ಅವರ ಒಂದು ಮಾತಿಗೆ ನನ್ನ ತಕರಾರು ಇದೆ. ಬದುಕು ದಾಟಿಸಿತು ಅನ್ನುವುದು 1954ಕ್ಕೆ ಸರಿ. 1963 ಆದ ಮೇಲೆ ಸರಿಯಲ್ಲ. ಆಮೇಲಿನದೆಲ್ಲ ಅವರೇ ಬೇಕು ಅಂತ ಇಟ್ಟ ಹೆಜ್ಜೆ. 1967ರಲ್ಲಿ ಆರ್‌ಸಿಎಗೆ ಮಾಡಿದ ಮೊದಲ ಆಲ್ಬಂ ಪೂರ್ತಿ ಬ್ಲೂಸ್. ಅದರಲ್ಲಿ ಹಿಂದಿನ ತಲೆಮಾರಿನ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಅವರ ಹಳೇ ಹಾಡು ಒಂದನ್ನು ತಮ್ಮ ರೀತಿಗೆ ತಿರುಗಿಸಿಕೊಂಡಿದ್ದಾರೆ, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಪದ್ಯ ಒಂದನ್ನು ಬ್ಲೂಸ್ ಮಾಡಿದ್ದಾರೆ. ಬಾಖ್ ಕಲಿತವರು ಪಿಯಾನೊದ ಸೊಗಸನ್ನೆಲ್ಲ ಪಕ್ಕಕ್ಕಿಟ್ಟು ಮೂರು ಸ್ವರಗುಚ್ಛದ ಬ್ಲೂಸ್‌ಗೆ ಬಂದು ಕೂರಬೇಕು ಅಂದರೆ ಅದು ಯಾರೋ ತಳ್ಳಿ ಆಗುವುದಲ್ಲ. ಇದು ನನ್ನ ಜನದ ಹಾಡು, ನಾನು ಇಲ್ಲಿಯವಳು ಅಂತ ಹೇಳಿ ಕೂತದ್ದು. ಲೊರೇನ್ ತೀರಿಕೊಂಡದ್ದು 1965ರಲ್ಲಿ, 34ನೇ ವಯಸ್ಸಿಗೆ. ಅವರ ನೆನಪಿಗೆ ಟು ಬಿ ಯಂಗ್, ಗಿಫ್ಟೆಡ್ ಅಂಡ್ ಬ್ಲ್ಯಾಕ್ ಮಾಡಿದ್ದು 1969ರಲ್ಲಿ. ಅದರ ರಾಗ ಚರ್ಚಿನದು, ಮಕ್ಕಳೂ ಹಾಡಬಹುದು. ಮಕ್ಕಳು ಹಾಡಲಿ ಅಂತಲೇ ಹಾಗೆ ಕಟ್ಟಿದ್ದು.

ಹಳೇ ರೆಕಾರ್ಡು:

ಮಳೆ ನಿಂತ ಮೇಲೆ ಅವರೇ, ನಿಮ್ಮ ಮಾತು ಸರಿ. ನನ್ನ ವಾಕ್ಯ 1954ರ ಬಾರಿಗೆ ಮಾತ್ರ ಹೊಂದುತ್ತದೆ. ಅಲ್ಲಿಂದ ಮುಂದಕ್ಕೆ ಎಳೆದದ್ದು ನನ್ನ ತಪ್ಪು.

ನಂತರದ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1970ರ ಹೊತ್ತಿಗೆ ಮದುವೆ ಮುರಿಯಿತು, ತೆರಿಗೆ ಕೇಸು ಬಂತು, ಅಮೆರಿಕ ಬಿಟ್ಟರು. ಮೊದಲು ಬಾರ್ಬಡೋಸ್. 1974ರಲ್ಲಿ ದಕ್ಷಿಣ ಆಫ್ರಿಕಾದ ಗಾಯಕಿ ಮಿರಿಯಂ ಮಕೇಬಾ ಕರೆದರು ಅಂತ ಲೈಬೀರಿಯಾಕ್ಕೆ ಹೋದರು. ಆಮೇಲೆ ಸ್ವಿಟ್ಜರ್ಲೆಂಡ್, ಪ್ಯಾರಿಸ್, ನೆದರ್ಲ್ಯಾಂಡ್ಸ್, ಕೊನೆಗೆ ದಕ್ಷಿಣ ಫ್ರಾನ್ಸ್. ಮನಸ್ಸಿನ ಕಾಯಿಲೆ ಇತ್ತು, ಬೈಪೋಲಾರ್ ಅಂತ ಗೊತ್ತಾಗಿ ಔಷಧಿ ಶುರುವಾದದ್ದು ಐವತ್ತು ದಾಟಿದ ಮೇಲೆ. ವೇದಿಕೆ ಮೇಲಿನ ಅವರ ಸಿಟ್ಟಿನ ಬಗ್ಗೆ ಕಥೆ ಹೇಳುವವರು ಇದನ್ನೂ ಸೇರಿಸಿ ಹೇಳಬೇಕು ಅಂತ ನನಗನ್ನಿಸುತ್ತದೆ.

ಸ್ವಿಟ್ಜರ್ಲೆಂಡಿನ ಮೋಂಟ್ರೂ ಊರಿನಲ್ಲಿ 1976ರಲ್ಲಿ ಮಾಡಿದ ಕಚೇರಿಯ ವಿಡಿಯೊ ನೋಡಿ. ಬಂದು ತಲೆ ಬಾಗಿಸಿ ನಿಲ್ಲುತ್ತಾರೆ, ಏಳುವುದೇ ಇಲ್ಲ. ಆಮೇಲೆ ತಲೆ ಎತ್ತಿ ಸುಮ್ನೆ ಜನರನ್ನು ನೋಡುತ್ತಾರೆ. ಚಪ್ಪಾಳೆ ನಿಂತು ಎಲ್ಲರಿಗೂ ಇರುಸುಮುರುಸು ಆಗುವ ತನಕ ನೋಡುತ್ತಾರೆ. ನಂತರ ಒಂದು ಹಾಡಿನ ನಡುವೆ ಯಾರೋ ಎದ್ದು ಓಡಾಡಿದ್ದಕ್ಕೆ ನುಡಿಸುವುದನ್ನು ನಿಲ್ಲಿಸಿ, ಕೂತ್ಕೋ ಅನ್ನುತ್ತಾರೆ. ಮತ್ತೊಮ್ಮೆ ಅನ್ನುತ್ತಾರೆ. ಕೂತ ಮೇಲೆ ಬಿಟ್ಟ ಜಾಗದಿಂದ ಹಾಡು ಎತ್ತಿಕೊಳ್ಳುತ್ತಾರೆ. ಟ್ರೈಯನ್ ಊರಿನ ಆ ಹುಡುಗಿಯೇ ಅಲ್ವಾ ಅದು?

ಸಂಜೆ ಐದು:

ಒಂದು ಚಿಕ್ಕ ಮಾತು. ಹೀಗೆ ದಾಟಿದವರು ಇವರೊಬ್ಬರೇ ಅಲ್ಲ. ಅಮೆರಿಕದ ಗಾಯಕಿ ಡೈನಾ ವಾಷಿಂಗ್ಟನ್ ಅವರನ್ನೂ ಜೊತೆಗೆ ಕೇಳಿ. ಶಿಕಾಗೊ ಚರ್ಚಿನಲ್ಲಿ ಹಾಡುತ್ತಾ ಬೆಳೆದು, 1943ರ ಹೊತ್ತಿಗೆ ಲಯನಲ್ ಹ್ಯಾಂಪ್ಟನ್ ಅವರ ಜಾಝ್ ತಂಡ ಸೇರಿ, ಬ್ಲೂಸ್ ರಾಣಿ ಅನ್ನಿಸಿಕೊಂಡು, 1959ರಲ್ಲಿ ಪಿಟೀಲುಗಳ ಮೇಳ ಹಿಂದೆ ಇಟ್ಟುಕೊಂಡು ಪಾಪ್ ಪಟ್ಟಿಗೆ ಹೋದವರು. 1963ರಲ್ಲಿ 39ಕ್ಕೇ ಹೋಗಿಬಿಟ್ಟರು. ಅವರು ಯಾವ ಹಾಡು ಹಾಡಿದರೂ ಉಚ್ಚಾರ ಒಂದೇ, ಒಂದೊಂದು ಅಕ್ಷರವೂ ಬಿಡಿ ಬಿಡಿ. ನೀನಾ ಹಾಗಲ್ಲ, ಹಾಡಿಗೊಂದು ದನಿ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ದಾಟುವುದಕ್ಕೆ ಬೇರೆ ಬೇರೆ ರೀತಿ ಇದೆ ಅಂತ ಗೊತ್ತಾಗುತ್ತದೆ.

ಶಾರ್ಲೆಟ್ ಕನ್ನಡಿಗ:

ನಾನು ಇರುವುದು ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ. ಇಲ್ಲಿಂದ ಟ್ರೈಯನ್ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ಒಂದು ಶನಿವಾರ ಮನೆಯವರನ್ನು ಕರೆದುಕೊಂಡು ಹೋಗಿದ್ದೆ. ಬೆಟ್ಟದ ಬುಡದ ಪುಟ್ಟ ಊರು. ಮುಖ್ಯ ಬೀದಿಯಲ್ಲೇ ಅವರ ಕಂಚಿನ ಪ್ರತಿಮೆ ಇದೆ, 2010ರಲ್ಲಿ ನಿಲ್ಲಿಸಿದ್ದು. ಕೂತು ನುಡಿಸುತ್ತಿದ್ದಾರೆ, ಆದರೆ ಮುಂದೆ ಪಿಯಾನೊ ಇಲ್ಲ, ಕೀಲಿಗಳ ಸಾಲು ಮಾತ್ರ ಅಲೆಯ ಥರ ಬಳುಕಿಕೊಂಡು ಗಾಳಿಯಲ್ಲಿ ನಿಂತಿದೆ. ಪ್ರತಿಮೆಯ ಎದೆಯೊಳಗೆ ಒಂದು ಕಂಚಿನ ಹೃದಯ ಇಟ್ಟು ಅದರಲ್ಲಿ ಅವರ ಚಿತಾಭಸ್ಮದ ಸ್ವಲ್ಪ ಭಾಗ ಸೇರಿಸಿದ್ದಾರೆ. ನನ್ನ ಮಗಳು ಆ ಕೀಲಿಗಳ ಮೇಲೆ ಬೆರಳಿಟ್ಟಳು, ಬಿಸಿಲಿಗೆ ಕಾದು ಸುಡುತ್ತಿತ್ತು.

ಹುಟ್ಟಿದ ಮನೆಯೂ ಇದೆ. ಮೂರೇ ಕೋಣೆ, ಮರದ್ದು. ಬೀಳುವ ಸ್ಥಿತಿಗೆ ಬಂದಿತ್ತು. 2017ರಲ್ಲಿ ನಾಲ್ಕು ಮಂದಿ ಕಲಾವಿದರು ಸೇರಿ 95,000 ಡಾಲರ್ ಕೊಟ್ಟು ಉಳಿಸಿಕೊಂಡರು. ನಾನು ಹೊರಗಿನಿಂದಲೇ ನೋಡಿ ಬಂದೆ. ಆ ಮೂರು ಕೋಣೆಯಲ್ಲಿ ಅಷ್ಟೊಂದು ಮಕ್ಕಳು ಇದ್ದರು.

ಇನ್ನೊಂದು ಯಾರೂ ಹೇಳಲಿಲ್ಲ. 2003ರ ಏಪ್ರಿಲ್ 21ರಂದು ಅವರು ಫ್ರಾನ್ಸಿನ ಕ್ಯಾರಿ ಲೆ ರುಏ ಅನ್ನುವಲ್ಲಿ ತೀರಿಕೊಂಡರು. ಅದಕ್ಕೆ ಎರಡು ದಿನ ಮೊದಲು, ಸೀಟು ಕೊಡದ ಆ ಕರ್ಟಿಸ್ ಶಾಲೆ ಅವರಿಗೆ ಗೌರವ ಪದವಿ ಕೊಟ್ಟಿತು. ಆಡಿಷನ್ ಆಗಿ 52 ವರ್ಷ ಆಗಿತ್ತು.

ಎಲ್ಲಿಂದ ಶುರು ಅಂತ ಕೇಳಿದ್ದಿರಿ. ನನ್ನ ಪ್ರಕಾರ ಮೊದಲು ಬೆತ್ಲೆಹೆಮ್ ಆಲ್ಬಂ ಪೂರ್ತಿ. ಆಮೇಲೆ 1964ರ ಕಾರ್ನೆಗಿ ಕಚೇರಿ. ಅದಾದ ಮೇಲೆ 1965ರ ಪ್ಯಾಸ್ಟಲ್ ಬ್ಲೂಸ್, ಸಿನ್ನರ್‌ಮ್ಯಾನ್ ಇರುವುದು ಅದರಲ್ಲೇ. ನಂತರ 1967ರ ಬ್ಲೂಸ್ ಆಲ್ಬಂ. ಮೋಂಟ್ರೂ ವಿಡಿಯೊವನ್ನು ಕೊನೆಗೆ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಕೇಳಿ ಆದ ಮೇಲೆ ನೋಡಿದರೆ ಬೇರೆ ಥರ ಕಾಣುತ್ತದೆ.

ಕಡಲತೀರ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಶಾರ್ಲೆಟ್‌ನವರು ಕೊಟ್ಟ ಕ್ರಮದಲ್ಲೇ ಹೋಗುತ್ತೇನೆ.

ಎರಡು ಕೈ ಅವರೇ, ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆ ಹಾಡು ಕೇಳಿದೆ. ಮೊದಲ ಎರಡು ಸಲ ಬಲಗೈ ಮಾತ್ರ ಕೇಳಿಸಿತು. ಮೂರನೇ ಸಲ ಕಣ್ಣು ಮುಚ್ಚಿ ತಾಳ ಹಾಕಿಕೊಂಡು ಕೂತೆ. ಎಡಗೈ ಶುರುವಾದದ್ದು ಆಗ ಗೊತ್ತಾಯಿತು, ಬೇರೆ ಯಾರೋ ಕೋಣೆಗೆ ಬಂದ ಹಾಗೆ. ಅಲ್ಲಿಂದ ಕೊನೆ ತನಕ ಎರಡನ್ನೂ ಬಿಡದೆ ಹಿಡಿದುಕೊಂಡಿದ್ದೆ. ಇವತ್ತು ಅಭ್ಯಾಸಕ್ಕೆ ಕೂತಾಗ ತಂಬೂರಿ ಶ್ರುತಿಯನ್ನು ಒಂದು ಮನೆ ಕೆಳಗೆ ಇಳಿಸಿ ಹಾಡಿ ನೋಡಿದೆ, ನನ್ನ ದನಿಯೂ ಅಲ್ಲಿ ಕೂರುತ್ತದೆ.

ಬೆಸ್ಸಿ ಸ್ಮಿತ್ ಅವರನ್ನು ಎಲ್ಲಿಂದ ಶುರು ಮಾಡಲಿ?